ಹಾರೆ ಮುಟ್ಟದ ತರಕಾರಿ ಮಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಣ್ಣು ಅಗೆಯದೆ, ನೆಲದ ಮೇಲೆಯೇ ಸೊಪ್ಪು ಗೊಬ್ಬರ ಹೊದೆಸಿ ಮನೆಬಳಕೆಗೆ ತರಕಾರಿ ಬೆಳೆಯುವ ಕ್ರಮದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಕಾಸರಗೋಡು, ಮಂಜೇಶ್ವರ ಕಡೆಯವು. ಒಂದು ಮಾತ್ರ ದೂರದ ಜತ್ತದ್ದು.

ನೆಲ ಅಗೆದು ಹುಡಿ ಮಾಡದಿದ್ದರೆ ಬೇರು ಇಳಿಯುವುದುಂಟೆ? ನಮ್ಮ ಹಿರಿಯರು ನಾಲ್ಕು ಬೆಂಡೆ ಬೀಜ ಹಾಕುವುದಕ್ಕೂ ಹಾರೆ ಹಿಡಿದವರು. — ನೀರ್ಚಾಲು

ಹಿರಿಯರು ಹಾರೆ ಹಿಡಿದದ್ದು ನಿಜ. ಹಾರೆಯ ಹಿಂದೆಯೇ ಬುಟ್ಟಿಗಟ್ಟಲೆ ಹಟ್ಟಿಗೊಬ್ಬರ, ಸುಡುಮಣ್ಣು, ಸೊಪ್ಪು ಹೊತ್ತು ಹಾಕಿದ್ದೂ ಅಷ್ಟೇ ನಿಜ. ಬೆಳೆ ಕೈಹಿಡಿದದ್ದು ಹೆಚ್ಚಾಗಿ ಈ ಎರಡನೆಯ ಕೆಲಸದಿಂದ.

ಒಂದು ಸಣ್ಣ ಪರೀಕ್ಷೆ ಮಾಡಿ. ವರ್ಷಗಟ್ಟಲೆ ಸೋಗೆ ಬಿದ್ದು ಕೊಳೆತ ಅಡಿಕೆ ಬುಡದಲ್ಲಿ ಬೆರಳು ಊರಿ, ಎರಡು ಗೆಣ್ಣಿನಷ್ಟು ಸಲೀಸಾಗಿ ಇಳಿಯುತ್ತದೆ. ಅಂಗಳದ ಬದಿಯ ಬೋಳು ಮಣ್ಣಿನಲ್ಲಿ ಅದೇ ಬೆರಳು ಉಗುರು ಮುಳುಗುವಷ್ಟೂ ಹೋಗದು. ಎರಡೂ ಒಂದೇ ಕೆಂಪು ಮಣ್ಣು. ಒಂದಕ್ಕೆ ಹೊದಿಕೆ ಇದೆ, ಇನ್ನೊಂದಕ್ಕೆ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬರುತ್ತದೆ. ಅದರ ಮುಕ್ಕಾಲಿಗೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಅಗೆದು ಬಿಟ್ಟ ಮಣ್ಣಿಗೆ ಆ ಹನಿ ನೇರ ಬಡಿದರೆ ಮೇಲಿನ ನಯ ಮಣ್ಣು ತೋಡು ಸೇರುತ್ತದೆ, ಉಳಿದದ್ದು ಬಿಸಿಲಿಗೆ ಪದರುಗಟ್ಟುತ್ತದೆ. ಎರೆಹುಳ ಕೊರೆದ ದಾರಿ, ಹಳೆ ಬೇರು ಕೊಳೆತು ಉಳಿದ ಕೊಳವೆ, ಇವೇ ನೀರು ಇಂಗುವ ಮತ್ತು ಬೇರು ಇಳಿಯುವ ದಾರಿಗಳು. ಹಾರೆ ಅವನ್ನೇ ಕಡಿಯುತ್ತದೆ. ಜೊತೆಗೆ ಆಳದಲ್ಲಿ ಮಲಗಿದ್ದ ಕಳೆ ಬೀಜವನ್ನು ಬೆಳಕಿಗೆ ತರುತ್ತದೆ.

ಮೊದಲ ಬೆಳೆಯ ಬೇರು ಹೆಚ್ಚಾಗಿ ನೀವು ಹಾಕಿದ ಪದರದಲ್ಲೇ ಇರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಕೆಳಗಿನ ಮಣ್ಣೂ ಬಿಡಿಸಿಕೊಳ್ಳುತ್ತದೆ. ಲಾರಿ, ಜೆಸಿಬಿ ಓಡಾಡಿ ಗಟ್ಟಿಯಾದ ಜಾಗಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಮಡಿ ಕಟ್ಟುವ ಮೊದಲು ಒಂದೇ ಒಂದು ಸಲ ಪಿಕ್ಕಾಸಿನಿಂದ ಅಡಿಗೊಂದು ಬಿರುಕು ಬಿಡಿಸಿ. ಮಣ್ಣು ಮಗುಚಬೇಡಿ.

ಮನೆಯ ಹಿಂದೆ 5 ಸೆಂಟ್ ಜಾಗ ಇದೆ. ಒಂದು ಮಡಿಗೆ ಏನೇನು, ಎಷ್ಟೆಷ್ಟು ಬೇಕು, ಯಾವಾಗ ಸುರು ಮಾಡಬೇಕು, ಲೆಕ್ಕ ಸಮೇತ ತಿಳಿಸಿ. — ಬದಿಯಡ್ಕ

ಐದು ಸೆಂಟಿಗೂ ಒಮ್ಮೆಲೇ ಕೈ ಹಾಕಬೇಡಿ. ಸಾಮಾನು ಸಾಲದೆ ಎಲ್ಲ ಕಡೆ ತೆಳ್ಳಗೆ ಹರಡಿದರೆ ಕಳೆಯೂ ನಿಲ್ಲದು, ಗಿಡವೂ ಏಳದು. ಮೊದಲ ವರ್ಷ ಎರಡು ಮಡಿ ಸಾಕು. ಅಗಲ 4 ಅಡಿ, ಉದ್ದ 10 ಅಡಿ, ನಡುವೆ ಒಂದೂವರೆ ಅಡಿ ದಾರಿ. ಅಗಲ 4 ಅಡಿ ಮೀರಬಾರದು, ಎರಡೂ ಬದಿಯಿಂದ ಕೈ ಮಧ್ಯಕ್ಕೆ ಮುಟ್ಟಬೇಕು. ಮಡಿಯ ಮೇಲೆ ಒಮ್ಮೆಯೂ ಕಾಲಿಡದಿರುವುದು ಈ ಪದ್ಧತಿಯ ಅರ್ಧ ಗುಟ್ಟು. ದಿನಕ್ಕೆ 5-6 ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಇಳಿಜಾರಾದರೆ ಮಡಿ ಅಡ್ಡಕ್ಕೆ ಇರಲಿ.

ಹೊಸಬರಿಗೆ ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ತುಲಾ ಸಂಕ್ರಮಣದವರೆಗೆ. ನೆಲ ಒದ್ದೆ ಇರುತ್ತದೆ, ಹಸಿ ಸೊಪ್ಪು ಕೈಗೆಟಕುವಷ್ಟು ಹತ್ತಿರ ಸಿಗುತ್ತದೆ, ಎದುರಿಗೆ ಇಡೀ ಬೇಸಗೆ ತರಕಾರಿಯ ಹಂಗಾಮು ಇರುತ್ತದೆ. ಮಾರ್ಚಿನ ಒಣನೆಲದ ಮೇಲೆ ಹೊದಿಕೆ ಹಾಕಿದರೆ ಕೆಳಗೆ ಒಣಗಿದ್ದು ಒಣಗಿಯೇ ಉಳಿಯುತ್ತದೆ.

ಕಳೆಯನ್ನು ನೆಲಮಟ್ಟಕ್ಕೆ ಸವರಿ ಅಲ್ಲೇ ಬಿಡಿ, ಬೇರು ಕೀಳಬೇಡಿ. ನಮ್ಮ ಮುರಮಣ್ಣು ಹುಳಿ. ಆದ್ದರಿಂದ ಸೆಂಟಿಗೆ 3 ಕಿಲೋ ಲೆಕ್ಕದಲ್ಲಿ ಒಂದು ಮಡಿಗೆ ಕಾಲು ಕಿಲೋ ಸುಣ್ಣದ ಹುಡಿಯನ್ನು ಒದ್ದೆ ನೆಲಕ್ಕೆ ಚೆಲ್ಲಿ 10-15 ದಿನ ಕಾಯಿರಿ. ಸುಣ್ಣವನ್ನೂ ಹಸಿ ಸೆಗಣಿಯನ್ನೂ ಒಂದೇ ದಿನ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಡಿದರೆ ಗೊಬ್ಬರ ನಷ್ಟವಾಗುತ್ತಿದೆ ಎಂದೇ ಅರ್ಥ.

ಬಳಿಕ ರಟ್ಟು. ಅಂಗಡಿಯಿಂದ ತಂದ ಕಂದು ಪೆಟ್ಟಿಗೆಗಳ ಟೇಪು, ಪಿನ್ನು ತೆಗೆದು ಬಿಡಿಸಿ. ಮಿರುಗುವ ಬಣ್ಣದ ರಟ್ಟು ಬೇಡ. ನೀರಲ್ಲಿ ಅದ್ದಿ, ಒಂದರ ಮೇಲೊಂದು 6 ಇಂಚು ಏರುವಂತೆ, ಮಡಿಯ ಅಂಚಿನಿಂದ ಅರ್ಧ ಅಡಿ ಹೊರಗೂ ಚಾಚುವಂತೆ ಹಾಸಿ. ಒಂದು ಮಡಿಗೆ ಸುಮಾರು 70 ಚದರಡಿ ರಟ್ಟು ಬೇಕು. ಸಂದು ಬಿಟ್ಟಲ್ಲೆಲ್ಲ ಗರಿಕೆ ತಲೆ ಹಾಕುತ್ತದೆ. ಜೇಕಿನ ಗೆಡ್ಡೆಯಂತೂ ರಟ್ಟನ್ನೇ ಚುಚ್ಚಿ ಬರುತ್ತದೆ. ಜೇಕು ಇರುವ ಜಾಗಕ್ಕೆ ಎರಡು ಪದರ ಹಾಕಿ, ಮತ್ತೂ ಬಂದದ್ದನ್ನು ವಾರಕ್ಕೊಮ್ಮೆ ಚಿವುಟುತ್ತಿರಿ. ಎಲೆ ಕಾಣದೆ ಗೆಡ್ಡೆ ಬಡವಾಗುವುದಕ್ಕೆ ಒಂದು ಹಂಗಾಮು ಹಿಡಿಯುತ್ತದೆ.

ರಟ್ಟಿನ ಮೇಲೆ ಒಂದು ಬಕೆಟ್ ಹಸಿ ಸೆಗಣಿಯನ್ನು ಎರಡು ಬಕೆಟ್ ನೀರಿಗೆ ಕದಡಿ ಹೊಯ್ಯಿರಿ. ಮೇಲೆ 6 ಇಂಚು ಹಸಿ ಸೊಪ್ಪು: ಗ್ಲಿರಿಸಿಡಿಯ, ಹೂ ಬಿಡುವ ಮೊದಲಿನ ಕಮ್ಯೂನಿಸ್ಟ್ ಗಿಡ (ಯುಪಟೋರಿಯಂ ಕಳೆ), ಬಾಳೆಲೆ, ಹಲಸಿನೆಲೆ, ಯಾವುದೂ ಆದೀತು. ಅದರ ಮೇಲೆ 6 ಇಂಚು ತರಗೆಲೆ. ನೀರು ಚಿಮುಕಿಸಿ ಕೈಯಿಂದ ಅದುಮಿ. ಕೊನೆಗೆ 4 ಇಂಚು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟ್. ಇದು 13 ಘನ ಅಡಿ, ಅಂದರೆ 25 ಲೀಟರ್ ಹಿಡಿಯುವ ಬುಟ್ಟಿಯಲ್ಲಿ 15 ಬುಟ್ಟಿ. ಅಷ್ಟಿಲ್ಲದಿದ್ದರೆ ಐದಾರು ಬುಟ್ಟಿಯಲ್ಲೇ ಸುಧಾರಿಸಿ: ಗಿಡ ಬರುವಲ್ಲಿ ಮಾತ್ರ ತರಗೆಲೆ ಸರಿಸಿ ನಾಲ್ಕು ಬೊಗಸೆಯಷ್ಟು ಗೊಬ್ಬರ ತುಂಬಿ ಗುಳಿ ಮಾಡಿ. ಎಲ್ಲದರ ಮೇಲೆ ಕೊಚ್ಚಿದ ಸೋಗೆ ಅಥವಾ ಬೈಹುಲ್ಲು 2 ಇಂಚು ಹೊದೆಸಿ.

ಮೊದಲ ಎರಡು ವಾರ ಒಳಗೆ ಕಾವೇರುತ್ತದೆ. ಕೈ ತೂರಿಸಿ ನೋಡಿ. ಬಿಸಿ ತಾಗಿದರೆ ನೆಡಬೇಡಿ, ಎಳೆ ಬೇರು ಬೇಯುತ್ತದೆ. ಮೂರ್ನಾಲ್ಕು ವಾರಕ್ಕೆ ತಣ್ಣಗಾಗುತ್ತದೆ. ಎರಡು ತಿಂಗಳಲ್ಲಿ ಮಡಿಯ ಎತ್ತರ ಅರ್ಧಕ್ಕಿಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಮುಂದಿನ ವರ್ಷ ರಟ್ಟು ಬೇಡ. ಒಂದೆರಡು ಇಂಚು ಗೊಬ್ಬರ, ಅದರ ಮೇಲೆ ಹೊದಿಕೆ ಸಾಕು.

ಮೊದಲ ಬೆಳೆಯಾಗಿ ಬೆಂಡೆ, ಅಲಸಂಡೆ, ಮುಳ್ಳುಸೌತೆ, ಬಸಳೆ ಸುಲಭ. ಬೆಂಡೆಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಬಸಳೆ ಬಳ್ಳಿಗೆ ಎರಡಡಿ ಅಂತರ, ಚಪ್ಪರ ಮೊದಲೇ ಕಟ್ಟಿರಿ, ಬಳ್ಳಿ ಬಂದ ಮೇಲೆ ಕಂಬ ಹುಗಿಯಹೋದರೆ ಮಡಿ ತುಳಿಯಬೇಕಾಗುತ್ತದೆ. ಹರಿವೆಯಂಥ ನಯ ಬೀಜ ತರಗೆಲೆಯ ಮೇಲೆ ಹುಟ್ಟದು. ಹೊದಿಕೆ ಪೂರ್ತಿ ಸರಿಸಿ, ಜರಡಿ ಹಿಡಿದ ಗೊಬ್ಬರ ಒಂದಿಂಚು ಹರಡಿ, ಬೀಜಕ್ಕೆ ರವೆ ಬೆರೆಸಿ ಚೆಲ್ಲಿ. ಇರುವೆ ರವೆ ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ. ಗಿಡ ನಾಲ್ಕು ಬೆರಳೆತ್ತರ ಬಂದ ಮೇಲೆ ಹೊದಿಕೆ ಹತ್ತಿರ ತನ್ನಿ.

ನೀರು: ಬೇಸಗೆಯಲ್ಲಿ ಒಂದು ಮಡಿಗೆ ದಿನಕ್ಕೆ 15-20 ಲೀಟರ್, ಅಂದರೆ ಒಂದೂವರೆ ಕೊಡದಷ್ಟು. ಹೊದಿಕೆಯ ಮೇಲೆ ಸುರಿದರೆ ಅರ್ಧ ಅಲ್ಲೇ ಆರುತ್ತದೆ. ಬುಡಕ್ಕೇ ಹೊಯ್ಯಿರಿ.

ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಹೊಸ ಮನೆ. ಸುತ್ತಲೂ ಬರೀ ಮುರಕಲ್ಲು, ಮಣ್ಣೆಂಬುದೇ ಇಲ್ಲ. ನಮಗೂ ಆದೀತೇ? — ಪೆರ್ಲ

ಆದೀತು. ನಿಮಗೆ ಬೇರೆ ದಾರಿಯೂ ಇಲ್ಲ. ಮುರಕಲ್ಲನ್ನು ಅಗೆಯುವ ಖರ್ಚಿನಲ್ಲಿ ಹತ್ತು ಮಡಿ ಕಟ್ಟಬಹುದು.

ಕೆಳಗೆ ಮಣ್ಣಿಲ್ಲದ್ದರಿಂದ ದಪ್ಪ ಹೆಚ್ಚಬೇಕು. ಸೊಪ್ಪು ತರಕಾರಿಗೆ ಇಳಿದ ಮೇಲೆಯೂ 6-8 ಇಂಚು, ಬದನೆ, ಬೆಂಡೆಗೆ ಒಂದಡಿ ಉಳಿಯಬೇಕು. ಕಟ್ಟುವಾಗ ಎರಡಡಿ ಎತ್ತರ ಕಟ್ಟಿರಿ. ಸುತ್ತ ಒಡೆದ ಕೆಂಪುಕಲ್ಲನ್ನೇ ಗಾರೆಯಿಲ್ಲದೆ ಜೋಡಿಸಿ, ಸಂದಿನಿಂದ ಹೆಚ್ಚಿನ ನೀರು ಹೊರಹೋಗಲಿ. ಕಳೆ ಇಲ್ಲದ ಕಲ್ಲಿಗೆ ರಟ್ಟು ಬೇಡ. ಬದಲಿಗೆ ತಳದಲ್ಲಿ ತೆಂಗಿನ ಸಿಪ್ಪೆಯ ಒಂದು ಪದರ ಹಾಕಿ. ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಬೇಸಗೆ ಬೆಳೆಯ ಮಡಿಯಾದರೆ ಹೊಟ್ಟೆ ಮೇಲೆ ಮಾಡಿ, ಮಳೆಗಾಲದ್ದಾದರೆ ಕವುಚಿ ಹಾಕಿ. ಸಿಪ್ಪೆ, ಸೊಪ್ಪು, ತರಗೆಲೆಯ ನಡುವೆ ಎಲ್ಲಿಂದಾದರೂ ಐದಾರು ಬುಟ್ಟಿ ಒಳ್ಳೆಯ ತೋಟದ ಮಣ್ಣು ತಂದು ಸೇರಿಸಲೇಬೇಕು. ಬರಿಯ ಸೊಪ್ಪು ಗೊಬ್ಬರದ ಮಡಿ ಮಳೆಗೆ ನೆನೆದ ಹತ್ತಿಯಂತೆ ಕುಸಿಯುತ್ತದೆ, ಬೇಸಗೆಯಲ್ಲಿ ಗಳಿಗೆಯೊಳಗೆ ಒಣಗುತ್ತದೆ.

ಮೊದಲ ಬೆಳೆಗೆ ಗೆಣಸಿನ ಬಳ್ಳಿ ಊರಿ. ಅದರ ಎಲೆಯೇ ನೆಲ ಮುಚ್ಚುತ್ತದೆ.

ರಟ್ಟು ಹಾಕಿ ಹದಿನೈದು ದಿನಕ್ಕೆ ಒರಲೆ ಹಿಡಿಯಿತು. ಮದ್ದು ಬಿಡಬೇಕೇ? — ಮುಳ್ಳೇರಿಯ

ಬೇಡ. ಒರಲೆ, ಅಂದರೆ ಗೆದ್ದಲು ಹೆಚ್ಚಾಗಿ ಹುಡುಕುವುದು ಒಣ ನಾರನ್ನು. ನಿಮ್ಮ ರಟ್ಟು ಒಣಗಿದೆ ಎಂಬುದೇ ಅದು ಕೊಟ್ಟ ಸೂಚನೆ. ಚೆನ್ನಾಗಿ ನೀರುಣಿಸಿ, ಸೆಗಣಿ ನೀರು ಹೊಯ್ಯಿರಿ, ಮೇಲಿನ ಪದರ ದಪ್ಪ ಮಾಡಿ. ತೇವ ಹಿಡಿದು ಕೊಳೆಯಲು ತೊಡಗಿದ ರಟ್ಟನ್ನು ಅದು ಹೆಚ್ಚಾಗಿ ಬಿಟ್ಟುಕೊಡುತ್ತದೆ. ರಟ್ಟು ತಿಂದು ಮುಗಿಸಿದರೂ ದೊಡ್ಡ ನಷ್ಟವಿಲ್ಲ, ಅಷ್ಟರಲ್ಲಿ ಕೆಳಗಿನ ಕಳೆ ಸತ್ತಿರಬೇಕು. ಎಳೆ ಸಸಿಯ ಕಾಂಡಕ್ಕೆ ಮಣ್ಣಿನ ಮೆತ್ತೆ ಏರುತ್ತಿದ್ದರೆ ಮಾತ್ರ ಬುಡದ ಸುತ್ತ ಒಂದು ಗೇಣು ಹೊದಿಕೆ ಸರಿಸಿ. ಮನೆಯ ಗೋಡೆ, ಮರದ ದಾರಂದಕ್ಕೆ ತಾಗಿ ಮಡಿ ಕಟ್ಟಬೇಡಿ, ಮೂರಡಿಯಾದರೂ ದೂರ ಇರಲಿ.

ಅಡಿಕೆ ಸಿಪ್ಪೆ, ಮರದ ಹುಡಿ ರಾಶಿ ಇತ್ತು. ಎರಡನ್ನೂ ಗೊಬ್ಬರಕ್ಕೆ ಕಲಸಿ ಮಡಿ ಮಾಡಿದೆ. ಸಸಿಗಳು ಹಳದಿ ಹಿಡಿದು ಕುಳಿತಲ್ಲೇ ಕುಳಿತಿವೆ. — ಕುಂಬಳೆ

ತಪ್ಪಾದದ್ದು ಕಲಸಿದ್ದರಲ್ಲಿ. ಮರದ ಹುಡಿ, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಹುಡಿ ಇವುಗಳಲ್ಲಿ ಇಂಗಾಲ ಬಹಳ, ಸಾರಜನಕ ತೀರಾ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಪಕ್ಕದ ಗೊಬ್ಬರದಿಂದ ಎಳೆದುಕೊಳ್ಳುತ್ತವೆ, ಗಿಡ ಉಪವಾಸ ಬೀಳುತ್ತದೆ. ಇವನ್ನು ಬೇರಿನ ವಲಯಕ್ಕೆ ಬೆರೆಸದೆ ಮೇಲ್ಗಡೆ ಹೊದಿಕೆಯಾಗಿ ಹರಡಿದ್ದರೆ ಈ ತೊಂದರೆ ಬರುತ್ತಿರಲಿಲ್ಲ.

ಈಗ ಕಿತ್ತು ಹಾಕಬೇಡಿ. ಒಂದು ಕಿಲೋ ನೆಲಗಡಲೆ ಹಿಂಡಿಯನ್ನು 10 ಲೀಟರ್ ನೀರಲ್ಲಿ ನಾಲ್ಕು ದಿನ ನೆನೆಸಿ, ದಿನಕ್ಕೊಮ್ಮೆ ಕದಡಿ. ಆ ತಿಳಿಯ ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ ಗಿಡಕ್ಕೆ ಅರ್ಧ ಲೀಟರಿನಂತೆ ವಾರಕ್ಕೊಮ್ಮೆ ಕೊಡಿ. ಹಟ್ಟಿ ಇದ್ದವರಿಗೆ ಗೋಮೂತ್ರವೂ ಇದೇ ಪ್ರಮಾಣದಲ್ಲಿ ಆಗುತ್ತದೆ. ಎರಡು ಮೂರು ವಾರದಲ್ಲಿ ಹೊಸ ಚಿಗುರು ಹಸುರಾಗಿ ಬರುತ್ತದೆ, ಹಳೆ ಎಲೆ ಹಳದಿಯಾಗಿಯೇ ಉದುರುತ್ತದೆ. ಈ ಮಡಿಗೆ ಮುಂದಿನ ಬೆಳೆ ಅಲಸಂಡೆ ಇರಲಿ.

ಅಡಿಕೆ ಹಾಳೆಯನ್ನು ರಟ್ಟಿನ ಬದಲು ಬಳಸಬಹುದೇ? ಬೋರ್ಡೋ ಬಿಟ್ಟ ತೋಟದ ಸೋಗೆ ತರಕಾರಿಗೆ ಹಾಕಿದರೆ ದೋಷ ಉಂಟೆ? — ಅಡೂರು

ಹಾಳೆ ರಟ್ಟಿಗಿಂತ ಗಟ್ಟಿ ತಡೆ. ಕೊಳೆಯುವುದು ನಿಧಾನವಾದ್ದರಿಂದ ನೆಡುವಲ್ಲಿ ಕತ್ತಿಯಿಂದ ತೂತು ಮಾಡಬೇಕು. ಕಡ್ಡಾಯವಾಗಿ ಕವುಚಿ ಹಾಕಿ, ಮೇಲೆ ಪೂರ್ತಿ ಮುಚ್ಚಿ. ಮಲಗಿಸಿಟ್ಟ ಹಾಳೆಯಲ್ಲಿ ನಿಂತ ಬೊಗಸೆ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ನಮ್ಮ ತೋಟಗಳಲ್ಲಿ ಇದು ಸಣ್ಣ ವಿಷಯವಲ್ಲ.

ಬೋರ್ಡೋ ಎಂದರೆ ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತುತ್ತಿನಲ್ಲಿರುವ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷವರ್ಷವೂ ಮಣ್ಣಿನ ಮೇಲ್ಪದರದಲ್ಲಿ ಕೂಡಿಕೊಳ್ಳುತ್ತದೆ. ಹೆಚ್ಚಾದಷ್ಟೂ ಎರೆಹುಳಕ್ಕೆ ಕುತ್ತು, ಅಗೆಯದ ಮಡಿಯಲ್ಲಿ ಹಾರೆಯ ಕೆಲಸ ಮಾಡಬೇಕಾದದ್ದು ಅದೇ ಎರೆಹುಳ. ಮದ್ದು ಬಿಟ್ಟ ಮಳೆಗಾಲದಲ್ಲಿ ಬಿದ್ದ ಸೋಗೆಯನ್ನು ತೋಟಕ್ಕೇ ಬಿಡಿ. ಜನವರಿ ಮೇಲೆ ಬಿದ್ದದ್ದನ್ನು ತರಕಾರಿಗೆ ತನ್ನಿ. ಅಡಿಕೆ ಮರದ ಹನಿ ಬೀಳುವಲ್ಲಿ ತರಕಾರಿ ಮಡಿ ಬೇಡವೇ ಬೇಡ. ಅಲ್ಲಿ ಬಿಸಿಲೂ ಸಾಲದು.

ಮಳೆ ಸುರುವಾದ ಕೂಡಲೇ ಬಸವನಹುಳಗಳು ಹೊದಿಕೆಯಡಿ ಮನೆ ಮಾಡಿ ಒಂದೇ ರಾತ್ರಿ ಸಸಿ ಮುಗಿಸುತ್ತವೆ. ಈ ಕ್ರಮ ಮಳೆಗಾಲಕ್ಕೆ ಹೇಳಿದ್ದಲ್ಲವೇನೋ? — ಮಂಜೇಶ್ವರ

ನಿಮ್ಮ ಸಂಶಯಕ್ಕೆ ಕಾರಣ ಇದೆ. ಇಂಗ್ಲೆಂಡಿನಲ್ಲಿ ಅಗೆಯದೆ ಬೆಳೆಯುವ ಹಲವರು ಹುಲ್ಲಿನ ಹೊದಿಕೆ ಬಿಟ್ಟು ಬರಿಯ ಕಾಂಪೋಸ್ಟನ್ನೇ ಹೊದಿಕೆ ಮಾಡುತ್ತಾರೆ. ಅಲ್ಲಿನ ತಂಪು, ಒದ್ದೆ ಹವೆಯಲ್ಲಿ ಹುಲ್ಲಿನಡಿ ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳ) ಸೇರುತ್ತದೆ ಎಂಬುದೇ ಕಾರಣ. ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಜೂನಿನ ಒಂದು ಮಳೆಗೆ ಕಾಂಪೋಸ್ಟ್ ಕೊಚ್ಚಿಹೋಗುತ್ತದೆ. ಹೊದಿಕೆ ಬಿಡುವಂತಿಲ್ಲ, ದಪ್ಪ ಇಡುವಂತೆಯೂ ಇಲ್ಲ. ಪತ್ತನಾಜೆಯ (ಮೇ ಕೊನೆಯ ವಾರದ) ಹೊತ್ತಿಗೆ ಬೇಸಗೆಯ ದಪ್ಪ ಹೊದಿಕೆಯನ್ನು ಒಂದಿಂಚಿಗೆ ಇಳಿಸಿ, ಮೆದು ಹುಲ್ಲಿನ ಬದಲು ಕೊಚ್ಚಿದ ಸೋಗೆ, ತೆಂಗಿನ ಮಡಲಿನ ಗರಿ ಹಾಕಿ. ಅವು ಹನಿಯ ಹೊಡೆತ ತಡೆಯುತ್ತವೆ, ಗಾಳಿಯೂ ಆಡುತ್ತದೆ. ಸಸಿಯ ಬುಡದಿಂದ ಅಂಗೈ ಅಗಲ ಜಾಗ ಬೋಳಾಗಿರಲಿ. ಎರಡೆಲೆಯ ಸಸಿ ನೆಡದೆ, ಗೆರಟೆ (ತೆಂಗಿನ ಚಿಪ್ಪು) ಅಥವಾ ಪ್ಲಾಸ್ಟಿಕ್ ಲಕೋಟೆಯಲ್ಲಿ ಆರೆಲೆ ಬರುವವರೆಗೆ ಸಾಕಿ ನೆಡಿ.

ಹಿಡಿಯುವುದಕ್ಕೆ: ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ, ಕೋಸಿನ ಹೊರ ಎಲೆ ಇಡಿ. ಬೆಳಗ್ಗೆ ಎತ್ತಿದರೆ ಗುಂಪಾಗಿ ಸಿಗುತ್ತವೆ. ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕಿ. ಉಪ್ಪನ್ನು ಮಡಿಗೆ ಚೆಲ್ಲಬೇಡಿ, ಗಿಡ ಸುಡುತ್ತದೆ. ದೊಡ್ಡ ಆಫ್ರಿಕನ್ ಬಸವನಹುಳವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಮಿದುಳಿಗೆ ಏರುವ ಪರಾವಲಂಬಿ ಹುಳ ಇರಬಹುದು. ಮಡಿಯ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ.

ನಮ್ಮದು ಎರೆ ಭೂಮಿ, ಮಳೆ ಕಡಿಮಿ, ಬ್ಯಾಸಿಗ್ಯಾಗ ಕೈ ತೂರುವಷ್ಟು ಬಿರುಕು ಬಿಡತದ. ನಿಮ್ಮ ಕಡೆ ಪದ್ಧತಿ ನಮಗ ಹೊಂದತದೇನ್ರಿ? — ಜತ್ತ, ಸಾಂಗಲಿ ಜಿಲ್ಲೆ

ಹೊಂದುತ್ತದೆ, ಮೂರು ಬದಲಾವಣೆಯೊಂದಿಗೆ. ನಿಮ್ಮ ಮಣ್ಣು ಕ್ಷಾರದ ಕಡೆಗೆ ವಾಲಿದ್ದು. ಸುಣ್ಣವೂ ಬೇಡ, ಒಲೆ ಬೂದಿಯೂ ಬೇಡ. ಎರಡನೆಯದು, ನಮ್ಮಂತೆ ಎತ್ತರದ ಮಡಿ ಕಟ್ಟಬೇಡಿ, ನಾಲ್ಕೂ ಕಡೆಯಿಂದ ಒಣಗುತ್ತದೆ. ಮಡಿಯ ಸುತ್ತ ಅರ್ಧ ಅಡಿ ಒಡ್ಡು ಏರಿಸಿ, ಬಿದ್ದ ಮಳೆ ಅಲ್ಲೇ ನಿಲ್ಲಲಿ. ಮೂರನೆಯದು ಕಾಲ: ಸೆಪ್ಟೆಂಬರಿನ ಮಳೆಯಲ್ಲಿ ನೆಲ ತೊಯ್ದು ಬಿರುಕು ಮುಚ್ಚಿದ ಮೇಲೆ ಹೊದಿಕೆ ಹಾಕಿ. ಬಿರುಕು ಬಿಟ್ಟ ನೆಲಕ್ಕೆ ಹಾಕಿದ ಗೊಬ್ಬರ ಪಾತಾಳ ಸೇರುತ್ತದೆ. ಕಬ್ಬಿನ ರವದಿ (ಒಣಗರಿ) ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಅದಕ್ಕೆ ಬೆಂಕಿ ಹಚ್ಚುವವರಿಂದ ಕೇಳಿ ತನ್ನಿ. ನಾಲ್ಕೈದು ಇಂಚು ದಪ್ಪ ಇರಲಿ, ಡ್ರಿಪ್ ಪೈಪು ಅದರ ಕೆಳಗೆ ಹೋಗಲಿ. ನಿಮ್ಮಲ್ಲಿ ಬಸವನಹುಳದ ಚಿಂತೆ ಕಡಿಮೆ.

ಮಡಿಯಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳಗಳು ಸಿಕ್ಕಿವೆ. ಬೇರು ತಿನ್ನುತ್ತವೆಯೇ? — ಉಪ್ಪಳ

ಕಂದು ತಲೆ, ಕೊಕ್ಕೆಯಂತೆ ಬಾಗಿದ ಮೈ, ಅಷ್ಟು ದಪ್ಪ ಎಂದರೆ ಹೆಚ್ಚಾಗಿ ಕುರುವಾಯಿ ದುಂಬಿಯ ಮರಿ. ಅದಕ್ಕೆ ಕೊಳೆತ ಗೊಬ್ಬರವೇ ಆಹಾರ, ನಿಮ್ಮ ಬದನೆಯ ಬೇರು ಬೇಡ. ಆದರೆ ದುಂಬಿಯಾಗಿ ಹಾರಿದ ಮೇಲೆ ಅದು ಹೋಗುವುದು ನೇರ ತೆಂಗಿನ ಸುಳಿಗೆ. ತರಕಾರಿ ಮಡಿಯಿಂದ ತೆಂಗಿಗೆ ಹಾನಿಯಾದರೆ ನಾವು ಹೇಳಿಕೊಟ್ಟ ಪದ್ಧತಿಗೇ ಕಳಂಕ. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಹೆಕ್ಕಿ ಕೋಳಿಗೆ ಹಾಕಿ. ಅರೆಬರೆ ಕೊಳೆತ ಸೆಗಣಿಯನ್ನು ದಪ್ಪವಾಗಿ ತುಂಬಬೇಡಿ, ಹಟ್ಟಿಗೊಬ್ಬರವನ್ನು ಮಡಿಗೆ ತರುವ ಮೊದಲು ಹರಡಿ ನೋಡಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಸುರುವಾದದ್ದು, ಗೊಬ್ಬರ ಗುಂಡಿಗೆ ಮೆಟಾರೈಜಿಯಂ ಎಂಬ ಹಸುರು ಶಿಲೀಂಧ್ರ ಬೆರೆಸಲು ಶಿಫಾರಸು ಮಾಡುತ್ತದೆ. ಅದು ಮರಿಹುಳಕ್ಕೆ ರೋಗ ತರುತ್ತದೆ, ಗಿಡಕ್ಕೆ ಏನೂ ಮಾಡದು. ಹುಳ ಸಣ್ಣದಿದ್ದು, ಗಿಡ ಬಾಡಿ, ಬೇರು ಕಡಿದದ್ದು ಕಂಡರೆ ಅದು ಬೇರುಹುಳ. ಆಗ ಆ ಗಿಡದ ಬುಡ ಬಿಡಿಸಿ ಹುಡುಕಲೇಬೇಕು.

ಹಚ್ಚಗಿದ್ದ ಬದನೆ ಮಧ್ಯಾಹ್ನ ಬಾಡಿ ಮೂರು ದಿನಕ್ಕೆ ಸತ್ತಿತು. ಹೊದಿಕೆಯಿಂದಲೋ? — ಬೋವಿಕ್ಕಾನ

ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಅದ್ದಿ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನ ಎಳೆಯಂತೆ ಇಳಿದರೆ ಬ್ಯಾಕ್ಟೀರಿಯಾದ ಸೊರಗು ರೋಗ. ಹುಳಿ ಮಣ್ಣಿನ ಈ ಸೀಮೆಯಲ್ಲಿ ಇದು ಸಾಮಾನ್ಯ, ಹೊದಿಕೆಯ ತಪ್ಪಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ಮಡಿಗೂ ಗೊಬ್ಬರ ಗುಂಡಿಗೂ ಹಾಕಬೇಡಿ. ಅದೇ ಮಡಿಗೆ ಮತ್ತೆ ಬದನೆ, ಟೊಮೆಟೊ, ಮೆಣಸು ಬೇಡ, ಬೆಂಡೆ ಅಥವಾ ಅಲಸಂಡೆ ಹಾಕಿ. ಮುಂದಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯದ ಸೊರಗು ತಾಳುವ ತಳಿಗಳನ್ನು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಕೇಳಿ: ಬದನೆಯಲ್ಲಿ ಹರಿತ, ಸೂರ್ಯ, ಮೆಣಸಿನಲ್ಲಿ ಉಜ್ವಲ, ಅನುಗ್ರಹ, ಟೊಮೆಟೊದಲ್ಲಿ ಶಕ್ತಿ, ಅನಘ.

ಕೆಸು, ಸುವರ್ಣಗೆಡ್ಡೆ ಕೀಳುವಾಗ ಅಗೆಯಲೇಬೇಕಲ್ಲ? — ಕುಂಟಾರು

ಗೆಡ್ಡೆ ತೆಗೆಯುವಷ್ಟು ಕೆದಕಿ, ಅಡ್ಡಿಯಿಲ್ಲ. ಕೆಸುವನ್ನು ಆಳದಲ್ಲಿ ನೆಡದೆ ನೆಲದ ಮೇಲಿಟ್ಟು ಒಂದಡಿ ಸೊಪ್ಪು, ಗೊಬ್ಬರ ಹೊದೆಸಿದರೆ ಕೀಳುವಾಗ ಕೈಯಲ್ಲೇ ಬರುತ್ತದೆ. ಸುವರ್ಣಗೆಡ್ಡೆಗೆ ಮಾತ್ರ ಬೇರೆ ಗುಳಿ ಮಾಡಿ, ಮಡಿಯ ಹೊರಗೆ. ಕಿತ್ತ ದಿನವೇ ಆ ಜಾಗಕ್ಕೆ ಒಂದು ಬುಟ್ಟಿ ಗೊಬ್ಬರ ಸುರಿದು ತರಗೆಲೆ ಮುಚ್ಚಿ, ಮರುದಿನಕ್ಕೆ ಬಿಡಬೇಡಿ.